ಔಟ್‌ಬೋರ್ಡ್ ಮೋಟಾರಿಗೆ ತಕ್ಕ ಪ್ರೊಪೆಲ್ಲರನ್ನು ಗೊತ್ತುಮಾಡುವ ಕ್ರಮ

(ಕುದ್ರು ಮತ್ತು ಅಳಿವೆಯ ಗ್ರಾಮಗಳ ಮುಖಂಡರಿಗೂ ಜಮೀನುದಾರರಿಗೂ)

ಒಬ್ಬ ವ್ಯವಸಾಯದ ಇನ್‌ಸ್ಪೆಕ್ಟರು, ಎಲ್. ಎಜಿ.

ಪೀಠಿಕೆ

ಬಯಲುಸೀಮೆಯ ರೈತನಿಗೆ ಗಾಡಿಯು ಹೇಗೋ, ನೀರಿನಿಂದ ಸುತ್ತುವರಿಯಲ್ಪಟ್ಟ ಗ್ರಾಮದ ರೈತನಿಗೆ ದೋಣಿಯು ಹಾಗೆಯೇ ವ್ಯವಸಾಯದ ಮುಖ್ಯವಾದ ಉಪಕರಣಗಳಲ್ಲಿ ಒಂದಾಗಿರುವುದು. ಕುಂದಾಪುರದ ಬಳಿ ಪಂಚಗಂಗಾವಳಿಯ ಕುದ್ರುಗಳಲ್ಲಿಯೂ, ಸ್ವರ್ಣಾ ಸೀತಾ ನದಿಗಳು ಸಮುದ್ರವನ್ನು ಸೇರುವ ಪ್ರದೇಶದಲ್ಲಿಯೂ, ಅಘನಾಶಿನಿಯ ಅಳಿವೆಯ ಅಂಚಿನಲ್ಲಿ ಕಗ್ಗ ಭತ್ತವನ್ನು ಬೆಳೆಯುವ ಗಜನಿ ಭೂಮಿಗಳಲ್ಲಿಯೂ ಗೊಬ್ಬರ, ಬಿತ್ತನೆಯ ಬೀಜ, ಕಟಾವಾದ ಭತ್ತ, ತೆಂಗಿನಕಾಯಿ, ಬೈಹುಲ್ಲು ಮುಂತಾದುವನ್ನು ದೋಣಿಯಲ್ಲಿ ಸಾಗಿಸುವ ಪದ್ಧತಿಯು ಹಿಂದಿನಿಂದಲೂ ಬಂದಿರುವುದು. ಕೆಲವು ಕುದ್ರುಗಳಿಗೆ ಈಗ ಸೇತುವೆಗಳಾಗಿದ್ದರೂ ದೋಣಿಯ ಅಗತ್ಯವು ಪೂರ್ಣವಾಗಿ ತಪ್ಪಿಲ್ಲ.

ಹುಟ್ಟು ಮತ್ತು ಜಲ್ಲೆಗಳ ಸ್ಥಾನದಲ್ಲಿ ದೋಣಿಯ ಹಿಂಬದಿಗೆ ತಗಲಿಸುವ ಔಟ್‌ಬೋರ್ಡ್ ಮೋಟಾರುಗಳು ಬಂದ ಮೇಲೆ ಆಳಿನ ಶ್ರಮವೂ ಕಾಲವೂ ಉಳಿದಿರುವುದು ನಿಜ. ಆದರೆ ಮೋಟಾರನ್ನು ಕೊಳ್ಳುವಾಗ ಅದರ ಅಶ್ವಶಕ್ತಿಯನ್ನೂ ಬೆಲೆಯನ್ನೂ ಹತ್ತು ಕಡೆ ವಿಚಾರಿಸುವ ಜಮೀನುದಾರರು, ಅದರ ಕೆಳತುದಿಯಲ್ಲಿ ತಿರುಗುವ ಪ್ರೊಪೆಲ್ಲರಿನ, ಅಂದರೆ ರೂಢಿಯಲ್ಲಿ ಫ್ಯಾನು ಎಂದು ಕರೆಯಲ್ಪಡುವ ಭಾಗದ, ಅಳತೆಯನ್ನು ವಿಚಾರಿಸುವುದು ಅಪರೂಪ. ಮೋಟಾರಿನೊಡನೆ ಅಂಗಡಿಯಿಂದ ಬಂದ ಪ್ರೊಪೆಲ್ಲರೇ ಎಲ್ಲ ದೋಣಿಗಳಿಗೂ ಎಲ್ಲ ಹೊರೆಗಳಿಗೂ ಸರಿ ಎಂಬ ಭಾವನೆಯು ಸಾಮಾನ್ಯವಾಗಿರುವುದು. ಈ ಭಾವನೆಯು ತಪ್ಪೆಂಬುದನ್ನೂ, ದೋಣಿಗೂ ಹೊರೆಗೂ ತಕ್ಕ ಪ್ರೊಪೆಲ್ಲರನ್ನು ಗೊತ್ತುಮಾಡುವ ಸುಲಭವಾದ ಕ್ರಮವನ್ನೂ ತಿಳಿಸುವುದೇ ಈ ಲೇಖನದ ಉದ್ದೇಶ.

ಒಂದು ಅನುಭವ

ಈ ವಿಷಯದ ಕಡೆಗೆ ನನ್ನ ಗಮನವನ್ನು ಸೆಳೆದುದು ಒಂದು ಕುದ್ರುವಿನಲ್ಲಿ ನಡೆದ ಸಂಗತಿ. ಅಲ್ಲಿಯ ಹಿರಿಯ ಜಮೀನುದಾರರೊಬ್ಬರು ತಮ್ಮ ದೋಣಿಗೆ ೯.೯ ಅಶ್ವಶಕ್ತಿಯ ಹೊಸ ಮೋಟಾರನ್ನು ಕೊಂಡಿದ್ದರು. ಖಾಲಿ ದೋಣಿಯಲ್ಲಿ ಅದು ಚೆನ್ನಾಗಿಯೇ ಓಡಿತು. ತುಲಾಮಾಸದಲ್ಲಿ ಮೊದಲ ಬೆಳೆಯ ಭತ್ತವನ್ನು ಆಚೆಯ ದಡಕ್ಕೆ ಸಾಗಿಸುವ ಕಾಲ ಬಂದಾಗ, ೫೦ ಕಿಲೋಗ್ರಾಮಿನ ೨೦ ಮೂಟೆಗಳನ್ನು ಹೇರಿದೊಡನೆ ಮೋಟಾರು ಭಾರವಾದ ಸದ್ದು ಮಾಡುತ್ತ, ಹೊಗೆಯುಗುಳುತ್ತ, ತೆವಳುವಂತೆ ಹೋಗತೊಡಗಿತು. ಒಂದು ಮಧ್ಯಾಹ್ನ ಮೋಡ ಕವಿದು ಮಳೆಯ ಸೂಚನೆಯಿದ್ದುದರಿಂದ ಅವಸರಪಟ್ಟು ಥ್ರಾಟಲನ್ನು ಪೂರ್ಣವಾಗಿ ತೆರೆದು ನಡೆಸಲು, ಹೊಳೆಯ ನಡುವೆ ಮೋಟಾರು ಕಾದು ನಿಂತುಹೋಯಿತು. ಆಗ ಇಳಿತದ ಹೊತ್ತಾಗಿದ್ದು, ನೀರು ಅಳಿವೆಯ ಬಾಯಿಯ ಕಡೆಗೆ ಬಲವಾಗಿ ಸೆಳೆಯುತ್ತಿತ್ತು. ಹತ್ತಿರದಲ್ಲಿ ಬಲೆ ಬಿಡುತ್ತಿದ್ದ ಮೀನುಗಾರರು ಹಗ್ಗವನ್ನೆಸೆದು ದೋಣಿಯನ್ನು ದಡಕ್ಕೆ ಎಳೆದುದರಿಂದ ನಾಲ್ವರ ಪ್ರಾಣವೂ ಆ ವರ್ಷದ ಫಸಲಿನ ಒಂದು ಪಾಲೂ ಉಳಿದುವು. ಮೆಕ್ಯಾನಿಕನು ಮೋಟಾರನ್ನು ಬಿಚ್ಚಿ ನೋಡಲು, ಪಿಸ್ಟನ್ನಿನ ಉಂಗುರಗಳು ಮಸಿ ಹಿಡಿದು ತಮ್ಮ ಗಾಡಿಗಳಲ್ಲಿಯೇ ಕಚ್ಚಿಕೊಂಡಿದ್ದುವು.

“ಇಂಜನ್ನಿನಲ್ಲಿ ಬಲವೇ ಇಲ್ಲ ಮಾರಾಯ್ರೇ, ಇದನ್ನು ಮಾರಿ ೧೫ ಕುದುರೆಯದನ್ನು ತರುತ್ತೇನೆ” ಎಂದು ಆ ಹಿರಿಯರು ನನ್ನೊಡನೆ ಹೇಳಿದರು. ನಾನೂ ಮೊದಲು ಕಾರ್ಬ್ಯುರೇಟರನ್ನೂ ಸ್ಪಾರ್ಕ್ ಪ್ಲಗ್ಗುಗಳನ್ನೂ ಮಾತ್ರ ಶಂಕಿಸಿ, ಅವುಗಳನ್ನು ಸ್ವಚ್ಛಗೊಳಿಸುವಂತೆ ಸಲಹೆ ಕೊಟ್ಟೆನು. ಅದರಿಂದ ಏನೂ ಪ್ರಯೋಜನವಾಗಲಿಲ್ಲ. ರಿಪೇರಿಯಾದ ಮೇಲೂ ಹಳೆಯ ತೊಂದರೆಯೇ ಮತ್ತೆ ಕಂಡುಬಂದಾಗ, ಪ್ರೊಪೆಲ್ಲರಿನ ನಡುವಿನ ದಿಂಡಿನ ಮೇಲಿದ್ದ ಅಂಕಿಗಳನ್ನು ಓದುವ ಬುದ್ಧಿ ನನಗೆ ಬಂದಿತು. ಅಲ್ಲಿ ೯¼ × ೧೧ ಎಂದು ಇತ್ತು. ಆ ಎರಡನೆಯ ಅಂಕಿಯೇ ತೊಂದರೆಯ ಮೂಲವಾಗಿದ್ದಿತು.

ವ್ಯಾಸವೂ ಪಿಚ್ಚೂ

ಪ್ರೊಪೆಲ್ಲರಿನ ಮೇಲೆ ಸಾಮಾನ್ಯವಾಗಿ ಎರಡು ಅಂಕಿಗಳಿರುವುವು. ಮೊದಲನೆಯದು ವ್ಯಾಸ, ಅಂದರೆ ದಿಂಡಿನ ನಡುಬಿಂದುವಿನಿಂದ ರೆಕ್ಕೆಯ ತುದಿಯವರೆಗಿನ ದೂರದ ಇಮ್ಮಡಿ. ಎರಡನೆಯದು ಪಿಚ್ಚು. ಇವೆರಡೂ ಸಾಧಾರಣವಾಗಿ ಅಂಗುಲಗಳಲ್ಲಿ ಕೊಡಲ್ಪಡುವುವು.

ಪಿಚ್ಚೆಂದರೇನೆಂಬುದನ್ನು ತಿರುಪುಮೊಳೆಯ ದೃಷ್ಟಾಂತದಿಂದ ಚೆನ್ನಾಗಿ ತಿಳಿಯಬಹುದು. ತಿರುಪುಮೊಳೆಯನ್ನು ಮರದೊಳಕ್ಕೆ ಒಂದು ಸುತ್ತು ತಿರುಗಿಸಿದರೆ ಅದು ಒಂದು ನಿರ್ದಿಷ್ಟವಾದ ದೂರ ಒಳಕ್ಕೆ ಹೋಗುವುದು. ಎಳೆಗಳು ವಿರಳವಾಗಿದ್ದರೆ ಹೆಚ್ಚು ದೂರವೂ, ಒತ್ತಾಗಿದ್ದರೆ ಕಡಿಮೆ ದೂರವೂ ಹೋಗುವುದು. ಅದರಂತೆಯೇ, ನೀರು ಮರದ ಹಾಗೆ ಗಟ್ಟಿಯಾಗಿದ್ದಲ್ಲಿ ಪ್ರೊಪೆಲ್ಲರು ಒಂದು ಸುತ್ತಿಗೆ ಎಷ್ಟು ಅಂಗುಲ ಮುಂದಕ್ಕೆ ಹೋಗುತ್ತಿತ್ತೋ ಅದೇ ಅದರ ಪಿಚ್ಚು. ೧೧ರ ಪಿಚ್ಚಿನದರ ರೆಕ್ಕೆಗಳು ಹೆಚ್ಚು ಓರೆಯಾಗಿಯೂ, ೮ರ ಪಿಚ್ಚಿನದರ ರೆಕ್ಕೆಗಳು ಕಡಿಮೆ ಓರೆಯಾಗಿಯೂ ಇರುವುವು.

ನೀರು ಮರದಂತೆ ಗಟ್ಟಿಯಲ್ಲದ ಕಾರಣ ಪ್ರೊಪೆಲ್ಲರು ಲೆಕ್ಕದ ದೂರವನ್ನು ಎಂದಿಗೂ ಪೂರ್ತಿಯಾಗಿ ಹೋಗದು. ಈ ಕೊರತೆಗೆ ಜಾರು ಎಂದು ಹೆಸರು. ನೀರಿನ ಮೇಲೆ ಎದ್ದು ಓಡುವ ಹಗುರವಾದ ದೋಣಿಗಳಲ್ಲಿ ಜಾರು ನೂರಕ್ಕೆ ೧೦ರಿಂದ ೨೦ರಷ್ಟಿರುವುದು ಸಾಮಾನ್ಯ. ನೀರನ್ನು ಸೀಳಿಕೊಂಡು ಹೋಗುವ ಹೊರೆಯ ದೋಣಿಗಳಲ್ಲಿ ಇದು ನೂರಕ್ಕೆ ೫೦ನ್ನೂ ಮೀರುವುದುಂಟು. ಜಾರು ಇರುವುದು ದೋಷವಲ್ಲ; ಜಾರದೆ ನೀರನ್ನು ಹಿಂದಕ್ಕೆ ತಳ್ಳುವುದೇ ಸಾಧ್ಯವಿಲ್ಲ.

ಲೆಕ್ಕದ ವೇಗವನ್ನು ತಿಳಿಯಲು, ಇಂಜನ್ನಿನ ನಿಮಿಷದ ಸುತ್ತುಗಳನ್ನು ಗೇರಿನ ಪ್ರಮಾಣದಿಂದ ಭಾಗಿಸಿ, ಬಂದುದನ್ನು ಪಿಚ್ಚಿನ ಅಂಗುಲಗಳಿಂದ ಗುಣಿಸಿ, ೬೫೬ರಿಂದ ಭಾಗಿಸತಕ್ಕದ್ದು. ಬರುವ ಅಂಕಿಯು ಗಂಟೆಗೆ ಇಷ್ಟು ಕಿಲೋಮೀಟರು ಎಂಬುದಾಗಿರುವುದು. ಉದಾಹರಣೆಗೆ, ಇಂಜನ್ನು ನಿಮಿಷಕ್ಕೆ ೫,೦೦೦ ಸುತ್ತು ತಿರುಗಿ, ಗೇರಿನ ಪ್ರಮಾಣ ೨ಕ್ಕೆ ೧ ಆಗಿದ್ದರೆ ಪ್ರೊಪೆಲ್ಲರು ೨,೫೦೦ ಸುತ್ತು ತಿರುಗುವುದು. ಪಿಚ್ಚು ೧೦ ಅಂಗುಲವಾದರೆ ಲೆಕ್ಕದ ವೇಗವು ಗಂಟೆಗೆ ಸುಮಾರು ೩೮ ಕಿಲೋಮೀಟರು.

ಪಿಚ್ಚು ಹೆಚ್ಚಾದರೆ ವೇಗ ಹೆಚ್ಚಲಾರದೇ?

ಮೇಲಣ ಲೆಕ್ಕವನ್ನು ನೋಡಿದವರು, ಪಿಚ್ಚನ್ನು ಹೆಚ್ಚಿಸಿದಷ್ಟೂ ದೋಣಿಯು ವೇಗವಾಗಿ ಹೋಗುವುದೆಂದು ಭಾವಿಸುವರು. ಅನೇಕ ಕಡೆ ಇಂಥ ಸಲಹೆಯನ್ನು ಕೊಡುವವರೂ ಇರುವರು. ಇಂಜನ್ನು ಅಷ್ಟೇ ಸುತ್ತುಗಳನ್ನು ತಿರುಗಿಸಬಲ್ಲುದಾದರೆ ಮಾತ್ರ ಈ ಮಾತು ನಿಜ. ಪಿಚ್ಚು ಹೆಚ್ಚಾದಂತೆ ಒಂದೊಂದು ಸುತ್ತಿಗೂ ತಳ್ಳಬೇಕಾದ ನೀರಿನ ಭಾರವು ಹೆಚ್ಚುವುದರಿಂದ ಇಂಜನ್ನು ಆ ಸುತ್ತುಗಳನ್ನು ತಲಪಲಾರದು.

ಇದನ್ನು ರೈತರಿಗೆ ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ಒಂದು ಜೋಡಿ ಕೋಣಗಳಿಗೆ ನೇಗಿಲನ್ನು ಮಿತಿಮೀರಿದ ಆಳಕ್ಕೆ ಕಟ್ಟಿದರೆ ಅವು ಮೊಣಕಾಲೂರಿ ಏದುಸಿರು ಬಿಡುವುವೇ ಹೊರತು ಗದ್ದೆಯು ಬೇಗ ಮುಗಿಯದು. ತೀರ ಮೇಲೆ ಕಟ್ಟಿದರೆ ಅವು ಓಡುವುವು, ಆದರೆ ಮಣ್ಣು ಮಗುಚದು. ಅವುಗಳ ಸಹಜವಾದ ನಡಿಗೆಯು ಕೆಡದಂತೆ ಆಳವನ್ನು ಗೊತ್ತುಮಾಡುವುದೇ ಉಳುಮೆಯ ಜಾಣ್ಮೆ. ಇಂಜನ್ನಿಗೂ ಅಂತಹ ಸಹಜವಾದ ನಡಿಗೆಯೊಂದಿರುವುದು. ಪೂರ್ಣ ಥ್ರಾಟಲಿನಲ್ಲಿ ನಿಮಿಷಕ್ಕೆ ಎಷ್ಟರಿಂದ ಎಷ್ಟರವರೆಗೆ ಸುತ್ತು ತಿರುಗಬೇಕೆಂಬುದನ್ನು ತಯಾರಕರು ಮೋಟಾರಿನ ಕೈಪಿಡಿಯಲ್ಲಿ ಮುದ್ರಿಸಿರುವರು. ಅನೇಕ ಸಣ್ಣ ಮೋಟಾರುಗಳಿಗೆ ಇದು ೪,೫೦೦ರಿಂದ ೫,೫೦೦ರವರೆಗೂ, ಕೆಲವಕ್ಕೆ ೫,೦೦೦ರಿಂದ ೬,೦೦೦ರವರೆಗೂ ಇರುವುದು. ತಮ್ಮ ಮೋಟಾರಿನ ಅಂಕಿಯನ್ನು ತಮ್ಮ ಕೈಪಿಡಿಯಿಂದಲೇ ತಿಳಿಯತಕ್ಕದ್ದು.

ಸುತ್ತು ಈ ಮಿತಿಗಿಂತ ಕಡಿಮೆಯಾಗಿದ್ದು ಥ್ರಾಟಲು ಪೂರ್ಣವಾಗಿ ತೆರೆದಿದ್ದರೆ, ಒಳಗೆ ಹೋದ ಇಂಧನವು ಕೆಲಸವಾಗಿ ಪರಿಣಮಿಸುವ ಬದಲು ಶಾಖವಾಗಿಯೂ ಮಸಿಯಾಗಿಯೂ ಪರಿಣಮಿಸುವುದು, ಇಂಜನ್ನು ಒಳಗೆ ಬಡಿಯುವುದು, ಉಂಗುರಗಳು ಕಚ್ಚಿಕೊಳ್ಳುವುವು, ಕೆಲವು ವೇಳೆ ಪಿಸ್ಟನ್ನೇ ತೂತಾಗುವುದು. ಸೀಮೆಎಣ್ಣೆಯಿಂದ ನಡೆಯುವ ಮೋಟಾರುಗಳಲ್ಲಿ ಬಡಿತವೂ ಮಸಿಯೂ ಇನ್ನೂ ಬೇಗ ಉಂಟಾಗುವುದರಿಂದ ಅವುಗಳ ಒಡೆಯರು ಹೆಚ್ಚು ಎಚ್ಚರಿಕೆಯಿಂದಿರಬೇಕು. ಸುತ್ತು ಮಿತಿಯನ್ನು ಮೀರಿದರೆ ಬೇರಿಂಗುಗಳೂ ಪಿಸ್ಟನ್ನಿನ ಕನೆಕ್ಟಿಂಗ್ ರಾಡುಗಳೂ ಹಾಳಾಗುವುವು.

ಹೊರೆಯ ದೋಣಿಯ ವೇಗಕ್ಕೆ ಇನ್ನೊಂದು ಮಿತಿಯೂ ಇರುವುದು. ನೀರನ್ನು ಸೀಳಿಕೊಂಡು ಹೋಗುವ ದೋಣಿಯು ತನ್ನ ನೀರುಗೆರೆಯ ಉದ್ದಕ್ಕೆ ತಕ್ಕ ವೇಗವನ್ನು ತಲಪಿದ ಮೇಲೆ, ತಾನೇ ಎಬ್ಬಿಸಿದ ಅಲೆಯ ಗುಣಿಯಲ್ಲಿ ಸಿಕ್ಕಿಕೊಳ್ಳುವುದು. ನೀರುಗೆರೆಯ ಉದ್ದವು ೨೫ ಅಡಿಯಾಗಿದ್ದರೆ ಈ ವೇಗವು ಗಂಟೆಗೆ ಸುಮಾರು ೧೨ ಕಿಲೋಮೀಟರು. ನೀಳವೂ ಕಿರಿದೂ ಆದ ದೋಣಿಯು ಇದನ್ನು ಸ್ವಲ್ಪ ಮೀರಬಹುದು. ಅಗಲವಾದ ಹೊರೆಯ ದೋಣಿಯು ಮೀರಲಾರದು. ಹೀಗಿರುವಲ್ಲಿ ಗಂಟೆಗೆ ೩೦ ಕಿಲೋಮೀಟರು ಓಡುವ ಹಗುರ ದೋಣಿಗಾಗಿ ಮಾಡಿದ ದೊಡ್ಡ ಪಿಚ್ಚಿನ ಪ್ರೊಪೆಲ್ಲರನ್ನು ಭತ್ತದ ದೋಣಿಗೆ ಹಾಕುವುದು, ಓಟದ ಕುದುರೆಯ ಲಾಳವನ್ನು ಗಾಣದ ಎತ್ತಿಗೆ ಹೊಡೆದಂತೆ ವ್ಯರ್ಥ. ಹೊರೆಯ ದೋಣಿಗೆ ಬೇಕಾದುದು ತಳ್ಳುವ ಬಲ. ಅದು ಸಣ್ಣ ಪಿಚ್ಚಿನಿಂದಲೂ, ಜಾಗವಿದ್ದಷ್ಟು ದೊಡ್ಡ ವ್ಯಾಸದಿಂದಲೂ, ಅಗಲವಾದ ರೆಕ್ಕೆಗಳಿಂದಲೂ ದೊರೆಯುವುದು.

ಒಬ್ಬ ರೈತನ ಪ್ರಯೋಗ

ಹಡಗಿನ ಪ್ರೊಪೆಲ್ಲರಿನ ಚರಿತ್ರೆಯಲ್ಲಿ ಪ್ರಸಿದ್ಧನಾದ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬಾತನು ಇಂಗ್ಲೆಂಡಿನ ಒಬ್ಬ ರೈತನಾಗಿದ್ದನೆಂಬುದು ನಮ್ಮ ವಾಚಕರಿಗೆ ಸಂತೋಷವನ್ನುಂಟುಮಾಡಬಹುದು. ಆತನು ಲಂಡನ್ನಿನ ಬಳಿ ಹೆಂಡನ್ ಎಂಬಲ್ಲಿ ದನಕುರಿಗಳನ್ನು ಮೇಯಿಸುವ ಜಮೀನನ್ನು ನಡೆಸುತ್ತ, ಅಲ್ಲಿಯ ಕೊಳದಲ್ಲಿ ಆಟಿಕೆಯಂತಹ ದೋಣಿಗೆ ತಿರುಪನ್ನು ಕಟ್ಟಿ ಪರೀಕ್ಷಿಸಿದನು. ೧೮೩೬ರಲ್ಲಿ ಪೇಟೆಂಟನ್ನು ಪಡೆದನು. ಅನಂತರ ೬ ಅಶ್ವಶಕ್ತಿಯ ಉಗಿಯಂತ್ರವುಳ್ಳ ದೋಣಿಯನ್ನು ಪ್ಯಾಡಿಂಗ್ಟನ್ ಕಾಲುವೆಯಲ್ಲಿ ನಡೆಸುತ್ತಿದ್ದನು. ಆ ದೋಣಿಯ ಮರದ ತಿರುಪು ಎರಡು ಸುತ್ತಿನಷ್ಟು ಉದ್ದವಾಗಿದ್ದಿತು. ೧೮೩೭ರಲ್ಲಿ ಅದು ಯಾವುದಕ್ಕೋ ತಗಲಿ ಅರ್ಧ ಭಾಗ ಮುರಿದುಬಿದ್ದಿತು. ದೋಣಿಯು ನಿಲ್ಲುವುದೆಂದು ಎಲ್ಲರೂ ಭಾವಿಸುತ್ತಿರುವಾಗ, ಅದು ಮೊದಲಿಗಿಂತ ವೇಗವಾಗಿ ಓಡತೊಡಗಿತು. ಉಳಿದಿದ್ದ ತುಂಡು ಆ ಯಂತ್ರದ ಬಲಕ್ಕೆ ಹೆಚ್ಚು ಹೊಂದಿತು. ಆ ಬಳಿಕ ಸ್ಮಿತ್ತನು ತಿರುಪನ್ನು ಒಂದು ಸುತ್ತಿಗೆ ಇಳಿಸಿದನು.

ಔಟ್‌ಬೋರ್ಡ್ ಮೋಟಾರು ಇದಕ್ಕೆ ಬಹಳ ಈಚಿನದು. ಅಮೆರಿಕದ ಮಿಲ್ವಾಕಿ ನಗರದ ಓಲೆ ಎವಿನ್‌ರೂಡ್ ಎಂಬಾತನು ೧೯೦೯ರಲ್ಲಿ ೧½ ಅಶ್ವಶಕ್ತಿಯ ಮೋಟಾರುಗಳನ್ನು ಮಾರಾಟಕ್ಕೆ ತಂದನು. ಯಂತ್ರಗಳು ಎಷ್ಟೇ ಬದಲಾಗಿದ್ದರೂ ಸ್ಮಿತ್ತನ ಕಾಲುವೆಯಲ್ಲಿ ಕಂಡುಬಂದ ಪಾಠವು ಬದಲಾಗಿಲ್ಲ. ತಿರುಪು ಇಂಜನ್ನಿಗೂ ದೋಣಿಗೂ ಹೊಂದಬೇಕು. ಹೊಂದಿದೆಯೋ ಇಲ್ಲವೋ ಎಂಬುದನ್ನು ನೀರಿನಲ್ಲಿ ನಡೆಸಿಯೇ ತಿಳಿಯಬೇಕು.

ಪರೀಕ್ಷಿಸುವ ಕ್ರಮ

ಇದಕ್ಕೆ ಬೇಕಾದ ಉಪಕರಣವು ಟ್ಯಾಕೋಮೀಟರು ಎಂಬ ಸುತ್ತೆಣಿಕೆಯ ಯಂತ್ರವೊಂದೇ. ಅದರ ತಂತಿಯನ್ನು ಸ್ಪಾರ್ಕ್ ಪ್ಲಗ್ಗಿನ ವಯರಿಗೆ ಸುತ್ತಿದರೆ ಸಾಕಾಗುವ ಸಣ್ಣ ಬಗೆಯವು ದೊರೆಯುವುವು. ವೇಗವನ್ನು ಮೊಬೈಲ್ ಫೋನಿನ ಜಿ.ಪಿ.ಎಸ್. ಮೂಲಕ ನೋಡಬಹುದು.

(೧) ಮೊದಲು ಇಂಜನ್ನು ಸುಸ್ಥಿತಿಯಲ್ಲಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಪ್ಲಗ್ಗುಗಳೆಲ್ಲವೂ ಕಿಡಿ ಕೊಡುತ್ತಿರಬೇಕು. ಹಿಡಿಯನ್ನು ತಿರುಗಿಸಿದಾಗ ಥ್ರಾಟಲು ಪೂರ್ಣವಾಗಿ ತೆರೆಯಬೇಕು.

(೨) ದೋಣಿಯ ಅಡಿಗೆ ಅಂಟಿದ ಚಿಪ್ಪುಗಳನ್ನೂ ಪಾಚಿಯನ್ನೂ ಕೆರೆದು ತೆಗೆಯಬೇಕು. ಇವುಗಳ ಎಳೆತದಿಂದಲೂ ಸುತ್ತು ಕಡಿಮೆಯಾಗುವುದು.

(೩) ದಿನನಿತ್ಯ ಸಾಗಿಸುವಷ್ಟೇ ಹೊರೆಯನ್ನೂ ಜನರನ್ನೂ ಇರಿಸಬೇಕು. ಖಾಲಿ ದೋಣಿಯ ಪರೀಕ್ಷೆಯನ್ನು ಮಾತ್ರ ನಂಬಬಾರದು.

(೪) ಗಾಳಿ ಕಡಿಮೆಯಾದ ಹೊತ್ತಿನಲ್ಲಿ, ಆಳವಾದ ನೀರಿನಲ್ಲಿ, ಸಾಧ್ಯವಾದರೆ ಭರತ ಇಳಿತಗಳ ನಡುವೆ ನೀರು ನಿಂತಿರುವ ವೇಳೆಯಲ್ಲಿ ನಡೆಸಬೇಕು. ಆಳ ಕಡಿಮೆಯಾದಲ್ಲಿ ದೋಣಿಯು ತಾನಾಗಿಯೇ ನಿಧಾನವಾಗುವುದು.

(೫) ಇಂಜನ್ನು ಬಿಸಿಯೇರಿದ ಮೇಲೆ ಥ್ರಾಟಲನ್ನು ಕ್ರಮವಾಗಿ ಪೂರ್ಣ ತೆರೆದು, ವೇಗವು ನಿಂತ ಮೇಲೆ ಸುತ್ತುಗಳನ್ನೂ ವೇಗವನ್ನೂ ಬರೆದುಕೊಳ್ಳಬೇಕು. ಪೂರ್ಣ ಥ್ರಾಟಲನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಇಡಬಾರದು.

(೬) ಅದೇ ದಾರಿಯಲ್ಲಿ ಎದುರು ದಿಕ್ಕಿಗೂ ನಡೆಸಿ ಎರಡರ ಸರಾಸರಿಯನ್ನು ತೆಗೆದುಕೊಳ್ಳಬೇಕು. ಸೆಳವಿನ ವ್ಯತ್ಯಾಸವು ಇದರಿಂದ ಬಹುಮಟ್ಟಿಗೆ ನೀಗುವುದು.

(೭) ಅದೇ ದಿನ ಖಾಲಿ ದೋಣಿಯಲ್ಲಿಯೂ ಒಮ್ಮೆ ಸುತ್ತನ್ನು ನೋಡಬೇಕು. ಸುತ್ತು ಮಿತಿಯನ್ನು ತಲಪಿದೊಡನೆ ಥ್ರಾಟಲನ್ನು ಮುಚ್ಚಬೇಕು.

ದಡದ ಮೇಲೆ, ನೀರಿಲ್ಲದೆ, ಮೋಟಾರನ್ನು ಜೋರಾಗಿ ತಿರುಗಿಸಿ ಪರೀಕ್ಷಿಸುವುದು ಎಂದಿಗೂ ಕೂಡದು. ತಂಪುಗೊಳಿಸುವ ನೀರಿನ ಪಂಪು ಸ್ವಲ್ಪ ಹೊತ್ತಿನಲ್ಲಿಯೇ ಸುಟ್ಟುಹೋಗುವುದು.

ಹೊರೆಯೊಡನೆ ಬಂದ ಅಂಕಿಯು ಕೈಪಿಡಿಯ ಮಿತಿಗಿಂತ ಕಡಿಮೆಯಾಗಿದ್ದರೆ ಪಿಚ್ಚನ್ನು ಇಳಿಸತಕ್ಕದ್ದು, ಹೆಚ್ಚಾಗಿದ್ದರೆ ಏರಿಸತಕ್ಕದ್ದು. ಪಿಚ್ಚು ಒಂದು ಅಂಗುಲ ಬದಲಾದರೆ ಸುತ್ತುಗಳು ೧೫೦ರಿಂದ ೨೦೦ರವರೆಗೆ ಬದಲಾಗುವುವೆಂಬುದು ಹಗುರ ದೋಣಿಗಳಿಗೆ ಹೇಳುವ ಲೆಕ್ಕ. ಭಾರದ ದೋಣಿಗಳಲ್ಲಿ ಇದಕ್ಕಿಂತ ಹೆಚ್ಚು ಬದಲಾಗುವುದುಂಟು. ಆದುದರಿಂದ ಈ ಲೆಕ್ಕವನ್ನು ಮೊದಲ ಹೆಜ್ಜೆಗೆ ಮಾತ್ರ ಉಪಯೋಗಿಸಿ, ಕೊನೆಯ ತೀರ್ಮಾನವನ್ನು ಟ್ಯಾಕೋಮೀಟರಿಗೆ ಬಿಡುವುದು ಒಳ್ಳೆಯದು.

ಕುದ್ರುವಿನ ದೋಣಿಯಲ್ಲಿ ಕಂಡುಬಂದ ಫಲ

ಮೇಲೆ ಹೇಳಿದ ಜಮೀನುದಾರರ ದೋಣಿಯನ್ನು ಈ ಕ್ರಮದಿಂದ ಪರೀಕ್ಷಿಸಿದೆವು. ನೀರುಗೆರೆಯ ಉದ್ದ ೨೫ ಅಡಿ, ಹೊರೆ ೨೦ ಮೂಟೆ ಭತ್ತ, ಜನ ೪, ಕೈಪಿಡಿಯ ಮಿತಿ ೪,೫೦೦ರಿಂದ ೫,೫೦೦, ಗೇರಿನ ಪ್ರಮಾಣ ೨.೦೮ಕ್ಕೆ ೧. ಬೇರೆ ಪಿಚ್ಚಿನ ಪ್ರೊಪೆಲ್ಲರುಗಳನ್ನು ನೆರೆಯ ಮೀನುಗಾರರು ಎರವಲು ಕೊಟ್ಟರು. ಎಲ್ಲವುಗಳ ವ್ಯಾಸವೂ ೯¼ ಅಂಗುಲವಾಗಿದ್ದಿತು.

೧೧ರ ಪಿಚ್ಚು: ಹೊರೆಯೊಡನೆ ೪,೧೦೦ ಸುತ್ತು, ವೇಗ ಗಂಟೆಗೆ ೮.೫ ಕಿಲೋಮೀಟರು.
೯ರ ಪಿಚ್ಚು: ಹೊರೆಯೊಡನೆ ೪,೬೦೦ ಸುತ್ತು, ವೇಗ ೯.೮ ಕಿಲೋಮೀಟರು.
೮ರ ಪಿಚ್ಚು: ಹೊರೆಯೊಡನೆ ೪,೯೦೦ ಸುತ್ತು, ವೇಗ ೧೦.೫ ಕಿಲೋಮೀಟರು, ಖಾಲಿ ದೋಣಿಯಲ್ಲಿ ೫,೪೦೦ ಸುತ್ತು.
೭ರ ಪಿಚ್ಚು: ಹೊರೆಯೊಡನೆ ೫,೨೦೦ ಸುತ್ತು, ವೇಗ ೧೦.೪ ಕಿಲೋಮೀಟರು, ಖಾಲಿ ದೋಣಿಯಲ್ಲಿ ಸುತ್ತು ೫,೫೦೦ನ್ನು ಮೀರತೊಡಗಿದ್ದರಿಂದ ಥ್ರಾಟಲನ್ನು ಮುಚ್ಚಲಾಯಿತು.

೧೧ರ ಪಿಚ್ಚಿನಲ್ಲಿ ಲೆಕ್ಕದ ವೇಗವು ಗಂಟೆಗೆ ೩೩ ಕಿಲೋಮೀಟರಾಗಿದ್ದು, ದೋಣಿಯು ಹೋದುದು ೮.೫ ಮಾತ್ರ, ಜಾರು ನೂರಕ್ಕೆ ೭೪. ೮ರ ಪಿಚ್ಚಿನಲ್ಲಿ ಲೆಕ್ಕದ ವೇಗವು ೨೮.೭ಕ್ಕೆ ಇಳಿದರೂ ದೋಣಿಯು ೧೦.೫ ಕಿಲೋಮೀಟರು ಹೋಯಿತು, ಜಾರು ೬೩. ಕಾಗದದ ಮೇಲೆ ನಿಧಾನವಾದ ಪ್ರೊಪೆಲ್ಲರು ನೀರಿನಲ್ಲಿ ವೇಗವಾದುದಾಯಿತು. ಅವರ ಮನೆಯ ಕಟ್ಟೆಯಿಂದ ಆಚೆಯ ದಡಕ್ಕೆ ೬ ಕಿಲೋಮೀಟರು. ಮೊದಲು ೪೨ ನಿಮಿಷ ಹಿಡಿಯುತ್ತಿದ್ದ ದಾರಿಯು ೩೪ ನಿಮಿಷಗಳಲ್ಲಿ ಮುಗಿಯಿತು. ಅಲ್ಲದೆ, ಥ್ರಾಟಲನ್ನು ಅಷ್ಟಿಷ್ಟು ಹಿಂದಕ್ಕೆ ಮಾಡಿ ಹಳೆಯ ವೇಗದಲ್ಲಿಯೇ ಹೋದರೆ ಇಂಜನ್ನು ನಿರಾಯಾಸವಾಗಿ ತಿರುಗುವುದು ಸದ್ದಿನಿಂದಲೇ ತಿಳಿಯುತ್ತಿದ್ದಿತು. ನಾಲ್ಕರಲ್ಲಿ ೮ರ ಪಿಚ್ಚನ್ನೇ ಆರಿಸಲು ಕಾರಣವೇನೆಂದರೆ, ಅದೊಂದೇ ಹೊರೆಯಲ್ಲಿ ಮಿತಿಯ ನಡುವೆಯೂ, ಖಾಲಿಯಾದಾಗ ಮಿತಿಯೊಳಗೂ ನಿಂತು, ವೇಗದಲ್ಲಿಯೂ ಮೇಲಾಗಿದ್ದಿತು.

ಅವರು ೧೫ ಅಶ್ವಶಕ್ತಿಯ ಮೋಟಾರನ್ನು ಕೊಳ್ಳಲಿಲ್ಲ. ಹೊಸ ಮೋಟಾರಿನ ಬೆಲೆಯಲ್ಲಿ ಅಲ್ಪಾಂಶವನ್ನು ಕೊಟ್ಟು ೮ರ ಪಿಚ್ಚಿನ ಪ್ರೊಪೆಲ್ಲರೊಂದನ್ನು ತಂದರು. ಮರುವರ್ಷದ ಫಸಲು ಅದೇ ಮೋಟಾರಿನಲ್ಲಿ ದಡ ಸೇರಿತು.

ಹೊರೆಯಲ್ಲಿಯೂ ಖಾಲಿಯಲ್ಲಿಯೂ ಹೊಂದುವ ಒಂದೇ ಪ್ರೊಪೆಲ್ಲರು ಎಲ್ಲ ದೋಣಿಗಳಿಗೂ ದೊರೆಯದು. ಅಂಥಲ್ಲಿ ಹೊರೆಗೆ ತಕ್ಕದ್ದನ್ನೇ ಹಾಕಿಕೊಂಡು, ಖಾಲಿಯಾಗಿ ಹಿಂದಿರುಗುವಾಗ ಥ್ರಾಟಲನ್ನು ಪೂರ್ಣ ತೆರೆಯದಿರುವುದೇ ಸರಿಯಾದ ಮಾರ್ಗ.

ಪಿಚ್ಚಿನ ದೋಷವಲ್ಲದುವು

ಎಲ್ಲ ತೊಂದರೆಗಳಿಗೂ ಪಿಚ್ಚನ್ನೇ ದೂರಬಾರದು. ಇಂಜನ್ನು ಫಕ್ಕನೆ ಅರಚಿದಂತೆ ಸುತ್ತಿ ದೋಣಿಯು ಮುಂದೆ ಹೋಗದಿದ್ದರೆ, ಪ್ರೊಪೆಲ್ಲರು ಮೇಲಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತಿರಬಹುದು. ಪ್ರೊಪೆಲ್ಲರಿನ ಮೇಲಿರುವ ಅಡ್ಡ ತಟ್ಟೆಯು ದೋಣಿಯ ಅಡಿಯ ಮಟ್ಟದಲ್ಲಿಯೋ ಅದಕ್ಕಿಂತ ಸುಮಾರು ಒಂದು ಅಂಗುಲ ಕೆಳಗೋ ಇರುವಂತೆ ಮೋಟಾರನ್ನು ಇಳಿಸಿ ಕಟ್ಟಬೇಕು. ಗಿಡ್ಡ ಕಾಲಿನ ಮೋಟಾರುಗಳು ಸುಮಾರು ೧೫ ಅಂಗುಲದ ಹಿಂಬದಿ ಹಲಗೆಗೂ, ಉದ್ದ ಕಾಲಿನವು ಸುಮಾರು ೨೦ ಅಂಗುಲದ ಹಲಗೆಗೂ ತಕ್ಕುವಾಗಿರುವುವು. ಎತ್ತರದ ಹಲಗೆಗೆ ಗಿಡ್ಡ ಮೋಟಾರನ್ನು ಕಟ್ಟಿದರೆ ಯಾವ ಪ್ರೊಪೆಲ್ಲರೂ ಕೆಲಸ ಮಾಡದು.

ನಡುವಿನ ದಿಂಡಿನೊಳಗಿರುವ ರಬ್ಬರು ಸ್ಥಳ ಬಿಟ್ಟು ಜಾರಿದರೂ ಇದೇ ಬಗೆಯ ತೊಂದರೆಯು ಕಾಣುವುದು. ರೆಕ್ಕೆಗಳು ಬಾಗಿ ಅಥವಾ ಕಚ್ಚು ಬಿದ್ದು ಮೋಟಾರು ನಡುಗುತ್ತಿದ್ದರೆ, ಮೊದಲು ಅವುಗಳನ್ನು ಸರಿಪಡಿಸಿ ಆಮೇಲೆ ಪರೀಕ್ಷಿಸಬೇಕು. ಬಾಗಿದ ರೆಕ್ಕೆಯ ಪಿಚ್ಚು ಕೆತ್ತಿದ ಅಂಕಿಯಂತೆ ಇರುವುದಿಲ್ಲ.

ಎಚ್ಚರಿಕೆಗಳು

(೧) ಪ್ರೊಪೆಲ್ಲರನ್ನು ಮುಟ್ಟುವ ಮೊದಲು ಇಂಜನ್ನನ್ನು ನಿಲ್ಲಿಸಿ, ಪ್ಲಗ್ಗಿನ ವಯರುಗಳನ್ನು ಬಿಡಿಸಿಡಬೇಕು.

(೨) ಹೊಸದನ್ನು ಕೊಳ್ಳುವಾಗ ಪಿಚ್ಚು ಮಾತ್ರವಲ್ಲದೆ, ಒಳಗಿನ ಹಲ್ಲುಗಳ ಸಂಖ್ಯೆಯೂ ವ್ಯಾಸವೂ ತಮ್ಮ ಮೋಟಾರಿಗೆ ಹೊಂದುವುದೇ ಎಂದು ನೋಡಬೇಕು. ಹಳೆಯದನ್ನು ಅಂಗಡಿಗೆ ಒಯ್ಯುವುದು ಉತ್ತಮ.

(೩) ಕೆಲವು ಸಣ್ಣ ಮೋಟಾರುಗಳಲ್ಲಿ ಕಲ್ಲಿಗೆ ತಗಲಿದಾಗ ತಾನು ಮುರಿದು ಗೇರನ್ನು ಉಳಿಸುವ ಶಿಯರ್ ಪಿನ್ನು ಇರುವುದು. ಅದರ ಬದಲಿಗೆ ಕಬ್ಬಿಣದ ಮೊಳೆಯನ್ನು ಹಾಕುವ ಅಭ್ಯಾಸವನ್ನು ಕೂಡಲೇ ಬಿಡತಕ್ಕದ್ದು. ಮೊಳೆಯು ಮುರಿಯದೆ ಗೇರು ಮುರಿಯುವುದು.

(೪) ಪ್ರೊಪೆಲ್ಲರನ್ನು ಆಗಾಗ ಬಿಚ್ಚಿ ದಂಡಕ್ಕೆ ಗ್ರೀಸನ್ನು ಹಚ್ಚಬೇಕು. ಅದರ ಹಿಂದೆ ಸುತ್ತಿಕೊಂಡ ಗಾಳದ ದಾರವನ್ನೂ ಬಲೆಯ ಚೂರುಗಳನ್ನೂ ತೆಗೆಯಬೇಕು. ದಾರವು ಸೀಲನ್ನು ಕೊಯ್ದರೆ ಗೇರಿನ ಎಣ್ಣೆಗೆ ನೀರು ಸೇರಿ, ಎಣ್ಣೆಯು ಹಾಲಿನಂತೆ ಬೆಳ್ಳಗಾಗುವುದು.

(೫) ತಕ್ಕ ಪ್ರೊಪೆಲ್ಲರು ದೊರೆಯಿತೆಂದು ಹೊರೆಯನ್ನು ಹೆಚ್ಚಿಸಬಾರದು. ದೋಣಿಯು ತಾಳುವ ಭಾರವನ್ನು ಪ್ರೊಪೆಲ್ಲರು ಹೆಚ್ಚಿಸುವುದಿಲ್ಲ. ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ಟೂ, ದೋಣಿಯಲ್ಲಿ ಒಂದು ಜೊತೆ ಹುಟ್ಟೂ, ಲಂಗರೂ ಇರಲೇಬೇಕು.

ಗ್ರಾಮಮುಖಂಡರು ಮಾಡಬಹುದಾದುದು

ಒಬ್ಬೊಬ್ಬ ರೈತನೂ ನಾಲ್ಕು ಪ್ರೊಪೆಲ್ಲರುಗಳನ್ನು ಕೊಂಡು ಪರೀಕ್ಷಿಸುವುದು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಒಂದೇ ಬಗೆಯ ಮೋಟಾರುಗಳು ಹಲವಿರುವ ಗ್ರಾಮಗಳಲ್ಲಿ, ಸಹಕಾರ ಸಂಘದ ಮೂಲಕವೋ ಹತ್ತು ಜನರ ವಂತಿಗೆಯಿಂದಲೋ ಒಂದು ಟ್ಯಾಕೋಮೀಟರನ್ನೂ ಬೇರೆ ಬೇರೆ ಪಿಚ್ಚಿನ ಮೂರು ನಾಲ್ಕು ಪ್ರೊಪೆಲ್ಲರುಗಳನ್ನೂ ಸಾಮಾನ್ಯ ಉಪಯೋಗಕ್ಕಾಗಿ ಇರಿಸಬಹುದು. ದೋಣಿಯ ಉದ್ದ, ಹೊರೆ, ಪಿಚ್ಚು, ಸುತ್ತು, ವೇಗ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದೆ ಮೋಟಾರನ್ನು ಕೊಳ್ಳುವವನಿಗೆ ಅಂಗಡಿಯವನ ಮಾತಿಗಿಂತ ಆ ಪುಸ್ತಕವು ಹೆಚ್ಚಿನ ಆಧಾರವಾಗುವುದು. ಇದನ್ನು ಕಟಾವಿನ ಅವಸರದಲ್ಲಿ ಮಾಡದೆ, ಮಳೆಗಾಲ ಕಳೆದು ಹೊಳೆಯು ತಿಳಿಯಾದ ಕೂಡಲೇ, ಭತ್ತವು ಕೊಯ್ಲಿಗೆ ಬರುವ ಮೊದಲು, ಒಂದು ದಿನವನ್ನು ಗೊತ್ತುಮಾಡಿ ಮುಗಿಸಿಕೊಳ್ಳುವುದು ಲೇಸು.

ಉಪಸಂಹಾರ

ಮೇಲೆ ವಿವರಿಸಿದುದರ ಸಾರವು ಇಷ್ಟೇ. ದೋಣಿಯು ಹೊರೆಯಲ್ಲಿ ಹಿಂಜರಿದರೆ ದೊಡ್ಡ ಇಂಜನ್ನನ್ನು ಕೊಳ್ಳುವ ಮೊದಲು, ಇದ್ದ ಇಂಜನ್ನಿನ ಸುತ್ತನ್ನು ಹೊರೆಯೊಡನೆ ಎಣಿಸತಕ್ಕದ್ದು. ಸುತ್ತು ಕಡಿಮೆಯಾಗಿದ್ದರೆ ಪಿಚ್ಚನ್ನು ಇಳಿಸತಕ್ಕದ್ದು, ಹೆಚ್ಚಾಗಿದ್ದರೆ ಏರಿಸತಕ್ಕದ್ದು. ಸರಿಯಾಗಿದ್ದೂ ವೇಗವು ಸಾಲದಿದ್ದರೆ ಮಾತ್ರ, ದೋಣಿಯ ಆಕಾರವನ್ನೂ ಹೊರೆಯನ್ನೂ ಮೋಟಾರಿನ ಶಕ್ತಿಯನ್ನೂ ಕುರಿತು ಯೋಚಿಸತಕ್ಕದ್ದು. ವರ್ಷದ ದುಡಿಮೆಯ ಫಲವನ್ನೂ ಮನೆಯವರ ಪ್ರಾಣವನ್ನೂ ಒಟ್ಟಿಗೆ ಹೊತ್ತು ಹೊಳೆಯನ್ನು ದಾಟುವ ರೈತ ಮಹಾಶಯರು, ಈ ಹೊತ್ತೇ ತಮ್ಮ ಮೋಟಾರಿನ ಪ್ರೊಪೆಲ್ಲರಿನ ಮೇಲಿರುವ ಆ ಎರಡನೆಯ ಅಂಕಿಯನ್ನು ಒಮ್ಮೆ ಓದಿಕೊಂಡರೆ ಲೇಖಕನ ಶ್ರಮವು ಸಾರ್ಥಕವಾಗುವುದು.